ಗಿಳಿ ಬೆನ್ನು ತಿರುಗಿಸಿದ ಮಳೆಗಾಲ

ಟಿಣ್. ಖಾಲಿ ಸ್ಟೀಲ್ ಲೋಟದ ಅಂಚಿಗೆ ಚಮಚ ತಾಗಿದ ಹಾಗೆ. ಸದ್ದು ಅಂದರೆ ಅಷ್ಟೇ ಸದ್ದು.

ಹೋದ ವಾರ ಶಿವಾಜಿನಗರದ ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತಿದ್ದಾಗ ಅದು ಮತ್ತೆ ಕಿವಿಗೆ ಬಿತ್ತು. ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು ಬೇಕರಿಯ ದಿಲ್‌ಪಸಂದ್ ಕಚ್ಚಿದ್ದಳಷ್ಟೆ. ಫೋನ್ ನೋಡಿದಳು, ಉಳಿದದ್ದನ್ನು ಕಾಗದದಲ್ಲಿ ಸುತ್ತಿ ಬ್ಯಾಗಿನ ಅಡಿಗೆ ತುರುಕಿದಳು, ತುಟಿ ಒರೆಸಿಕೊಂಡು ಅತ್ತಿತ್ತ ನೋಡಿದಳು. ಪರೀಕ್ಷೆ ಹಾಲಿನಲ್ಲಿ ಚೀಟಿ ಬಚ್ಚಿಟ್ಟವರು ಹಾಗೆ ನೋಡುತ್ತಾರೆ. ನನ್ನ ಬಸ್ಸು ಬಂದು ನಿಂತಿತು, ಹೊರಟೂ ಹೋಯಿತು. ನಾನು ಏಳಲಿಲ್ಲ.

ಆ ಒಂದು ಮಳೆಗಾಲ ಪೂರ್ತಿ ನಮ್ಮ ಹಲಸೂರಿನ ಮನೆಯಲ್ಲಿ ಆ ಸದ್ದು ಕೇಳಿದ್ದೇನೆ. ಅದಕ್ಕೊಂದು ಜೋಡಿಯೂ ಇತ್ತು. ಅದೇ ಲೋಟಕ್ಕೆ ಹಾಲು ತುಂಬಿಸಿ ಬಡಿದರೆ ಬರುವಂಥ, ಗಂಟಲು ಕಟ್ಟಿದಂಥ ಮಂಕು ಸದ್ದು. ಮೊದಲನೆಯದು ಶಹಭಾಸ್‌ಗಿರಿ. ಎರಡನೆಯದು ಕೇಳಿದರೆ ವನಜಳ ಮುಖ ಬಾಡುತ್ತಿತ್ತು.

ವನಜ ನನ್ನ ಓರಗಿತ್ತಿ, ನನ್ನ ಯಜಮಾನರ ತಮ್ಮ ಮುನಿರಾಜುವಿನ ಹೆಂಡತಿ. ಈಗ ಇಲ್ಲ. ಅಣ್ಣತಮ್ಮಂದಿರಿಬ್ಬರೂ ಮೊದಲೇ ಹೋಗಿದ್ದರು. ಆಮೇಲೆ ನಾವಿಬ್ಬರೂ ಒಂದೇ ಮನೆ, ಒಂದೇ ಒಲೆ. ನಾನು ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಓದಿ, ವಿಮಾನಪುರದ ಫ್ಯಾಕ್ಟರಿ ಆಫೀಸಿನಲ್ಲಿ ಟೈಪ್ ಹೊಡೆದು ರಿಟೈರ್ ಆದವಳು. ನನ್ನ ಇಂಗ್ಲಿಷ್ ಚೆನ್ನಾಗಿತ್ತು, ಸಾರು ಚೆನ್ನಾಗಿರಲಿಲ್ಲ. ವನಜ ಕೆ.ಆರ್.ಪುರದ ಆಚೆಯ ಹಳ್ಳಿಯವಳು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಕೈಗೆ ಮಾತ್ರ ಅಮೃತ ಬಂದಿತ್ತು. ಅಳತೆ ಅನ್ನುವುದನ್ನೇ ಅವಳು ಕಂಡಿರಲಿಲ್ಲ. ಸಾರು ಕುದಿಯುವಾಗ ಸೌಟಿನಿಂದ ಒಂದು ತೊಟ್ಟು ಎಡಗೈ ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಒಂದು ಕ್ಷಣ ಕಣ್ಣು ಮುಚ್ಚುವಳು. ಆಮೇಲೆ ಉಪ್ಪಿನ ಡಬ್ಬಿಗೆ ಕೈ ಹಾಕುವಳು, ಇಲ್ಲವೇ ಹಾಕುವುದಿಲ್ಲ. ಅವಳ ಅಡುಗೆ ವಿದ್ಯೆಯೆಲ್ಲ ಆ ಮುಚ್ಚಿದ ಕಣ್ಣಿನಲ್ಲಿತ್ತು ಅಂತ ನನಗೆ ಅನಿಸುತ್ತಿತ್ತು.

ಆ ವರ್ಷ ಆಷಾಢದಲ್ಲಿ ಅವಳಿಗೆ ಶುಗರ್ ಅಂತ ಗೊತ್ತಾಯಿತು. ಡಾಕ್ಟರು ಗಾಬರಿಯಾಗುವಂಥದ್ದೇನೂ ಹೇಳಲಿಲ್ಲ. ಸಿಹಿ ಕಡಿಮೆ ಮಾಡಿ, ಸ್ವಲ್ಪ ನಡೆಯಿರಿ, ಮಾತ್ರೆ ನುಂಗಿದ ಮೇಲೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಇರಬೇಡಿ ಅಂದರು. ಕೆ.ಆರ್.ಪುರದ ಫ್ಲ್ಯಾಟಿನಲ್ಲಿದ್ದ ವನಜಳ ಮಗಳು ರೂಪ ಅದೇ ಭಾನುವಾರ ಬಂದು ಅಮ್ಮನ ಫೋನಿಗೆ ಒಂದು ಆ್ಯಪ್ ಹಾಕಿದಳು. ಪ್ರೀತಿಯಿಂದಲೇ ಹಾಕಿದಳು, ಅದರಲ್ಲಿ ಎರಡು ಮಾತಿಲ್ಲ.

"ನೋಡಮ್ಮ, ತಿನ್ನೋಕೆ ಮುಂಚೆ ತಟ್ಟೆದು ಫೋಟೊ ತೆಗಿ, ಅಷ್ಟೇ. ಅದೇ ಗುರುತು ಹಿಡಿದು ಎಷ್ಟು ಕ್ಯಾಲರಿ ಅಂತ ಬರ್ಕೊಳುತ್ತೆ. ಈ ರಿಂಗು ಹಸಿರಾಗಿರೋ ತನಕ ತಿನ್ನಬಹುದು."

"ಕೆಂಪಾದ್ರೆ?"

"ಕೆಂಪಾದ್ರೆ ಸಾಕು ಅಂತ. ಗಿಳಿ ಹೇಳುತ್ತೆ ನಿಂಗೆ."

ರಿಂಗಿನ ನಡುವೆ ಒಂದು ಗಿಳಿ ಕೂತಿತ್ತು. ದುಂಡಗೆ, ಮುದ್ದಾಗಿ. ಕಡಿಮೆ ತಿಂದರೆ ಟಿಣ್ ಅಂತ ಸದ್ದು ಮಾಡಿ ಕುಣಿಯುತ್ತಿತ್ತು. ರಿಂಗು ಕೆಂಪಾದರೆ ಬೈಯುತ್ತಿರಲಿಲ್ಲ, ಏನೂ ಅನ್ನುತ್ತಿರಲಿಲ್ಲ. ಆ ಮಂಕು ಸದ್ದೊಂದು ಬರುತ್ತಿತ್ತು, ಗಿಳಿ ಮೆಲ್ಲಗೆ ತಿರುಗಿ ಬೆನ್ನು ಕೊಟ್ಟು ಕೂರುತ್ತಿತ್ತು. ಅದರ ಕಾಲ ಬಳಿ ಒಂದು ಪುಟ್ಟ ಜ್ವಾಲೆ. ದಿನವೂ ಹಸಿರಿನಲ್ಲೇ ಮುಗಿಸಿದರೆ ಜ್ವಾಲೆ ಎತ್ತರವಾಗುತ್ತದೆ, ಒಂದು ದಿನ ಕೆಂಪಿನಲ್ಲಿ ಮುಗಿದರೆ ಆರಿಹೋಗುತ್ತದೆ. ಅದನ್ನು ಸ್ಟ್ರೀಕ್ ಅನ್ನುತ್ತಾರೆ ಅಂತ ರೂಪ ಹೇಳಿದಳು.

ನನಗೆ ಅದು ಕೂಡಲೇ ಅರ್ಥವಾಯಿತು. ನಮ್ಮ ಕಾನ್ವೆಂಟಿನ ಕ್ಲಾಸಿನ ಗೋಡೆಯ ಮೇಲೆ ಗೋಲ್ಡ್ ಸ್ಟಾರ್ ಚಾರ್ಟ್ ಇರುತ್ತಿತ್ತು. ತಿಂಗಳೆಲ್ಲ ಸ್ಟಾರ್ ತಪ್ಪದ ಹುಡುಗಿಗೆ ನೀಲಿ ರಿಬ್ಬನ್. ಆ ರಿಬ್ಬನ್ ಹೋಗದಿರಲಿ ಅಂತ ನಾನು ನೀರಡಿಕೆಯಾದರೂ ಕೈ ಎತ್ತದೆ ಕೂತ ಮಧ್ಯಾಹ್ನಗಳಿವೆ. ಸಿಸ್ಟರ್ ಸಿಟ್ಟಾದರೆ ತಡೆದುಕೊಳ್ಳಬಹುದಿತ್ತು. ಅವರು ಮಾತಾಡದೆ ಮುಖ ತಿರುಗಿಸಿದರೆ ಮಾತ್ರ ಇಡೀ ಸ್ಕೂಲೇ ತಣ್ಣಗಾದ ಹಾಗೆ ಆಗುತ್ತಿತ್ತು.

ವನಜಳಿಗೆ ಆ ಜ್ವಾಲೆ ಕಂಡದ್ದು ಬೇರೆ ಥರ. "ಅಕ್ಕ, ದೀಪ ಇಟ್ಟಿದಾರೆ ನೋಡಿ" ಅಂದಳು. ನಮ್ಮ ಮನೆಯಲ್ಲಿ ದೀಪ ಆರಿಸು ಅಂತ ಬಾಯಲ್ಲೂ ಅನ್ನುವುದಿಲ್ಲ, ಶಾಂತ ಮಾಡು ಅನ್ನುತ್ತೇವೆ. ಮುನಿರಾಜು ಹೋದ ದಿನ ಸಂಜೆ ದೇವರ ಗೂಡಿನ ದೀಪ ಗಾಳಿಗೆ ತಾನಾಗಿ ಆರಿತ್ತು ಅನ್ನುವುದನ್ನು ವನಜ ಎಂದೂ ಮರೆತಿರಲಿಲ್ಲ.

"ಅಯ್ಯೋ ಅಮ್ಮ, ಸುಮ್ನೆ ಒಂದು ಡಿಸೈನ್ ಅದು" ಅಂತ ರೂಪ ನಕ್ಕಳು.

"ಡಿಸೈನೇ ಇರ್ಲಿ ಕಣೇ. ದೀಪ ದೀಪಾನೇ."

ಶ್ರಾವಣದಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಬೆಳಿಗ್ಗೆ ಇಬ್ಬರೂ ಕೆರೆಯ ಕಡೆ ನಡೆಯುತ್ತಿದ್ದೆವು. ಅವಳ ಸೀರೆ ಸಡಿಲವಾಯಿತು, ಬೀದಿಯವರು ಹೊಗಳಿದರು. "ಏನ್ ವನಜಮ್ಮ, ಮದುವೆ ಹೆಣ್ಣಾಗಿದೀರಾ!" ಅಂತ ಎದುರುಮನೆ ಸೆಲ್ವಿ ಗೇಟಿನಿಂದಲೇ ಕೂಗಿದಳು. ಆ್ಯಪ್ ಇಂಗ್ಲಿಷಿನಲ್ಲಿ ಬರೆಯುತ್ತಿದ್ದದ್ದನ್ನು ನಾನು ಓದಿ ಹೇಳುತ್ತಿದ್ದೆ. 'ಯು ವರ್ ಗುಡ್ ಟುಡೇ, ವನಜ!' ಇವತ್ತು ನೀನು ಒಳ್ಳೆಯವಳಾಗಿದ್ದೆ. ಅರವತ್ತು ದಾಟಿದ ಹೆಂಗಸು ಅದನ್ನು ಕೇಳಿ ನಾಚಿಕೊಳ್ಳುತ್ತಿದ್ದಳು. ಹಾಗೆ ಅವಳಿಗೆ ಮುಖದ ಮೇಲೆ ಹೇಳಿದವರು ಯಾರಿದ್ದರು? ನಾವೆಲ್ಲ ಸಾರು ಒಳ್ಳೆಯದಾಗಿದೆ ಅನ್ನುತ್ತಿದ್ದೆವು.

ಆಮೇಲೆ ಸಣ್ಣ ಸಣ್ಣ ಬದಲಾವಣೆಗಳು. ಪ್ರತಿಯೊಂದಕ್ಕೂ ಒಂದು ಕಾರಣವಿತ್ತು, ಅದೇ ಭಯ ಹುಟ್ಟಿಸುವ ಸಂಗತಿ.

ಬಸ್ಸಾರು ಆ ಗಿಳಿಗೆ ಗೊತ್ತಿರಲಿಲ್ಲ. ಫೋಟೊ ತೆಗೆದರೆ ಒಮ್ಮೆ ವೆಜಿಟೆಬಲ್ ಸೂಪ್ ಅನ್ನುತ್ತಿತ್ತು, ಒಮ್ಮೆ ಮಟನ್ ಕರಿ. ಮುದ್ದೆಗೆ ಹಲವು ಲೆಕ್ಕ ತೋರಿಸಿ ಯಾವುದು ಅಂತ ನಮ್ಮನ್ನೇ ಕೇಳುತ್ತಿತ್ತು. ವನಜ ಪ್ರತಿ ಸಲವೂ ಎಲ್ಲಕ್ಕಿಂತ ದೊಡ್ಡದನ್ನು ಒತ್ತುತ್ತಿದ್ದಳು.

"ಯಾಕೇ ಅದನ್ನೇ ಒತ್ತುತೀಯ?"

"ಕಮ್ಮಿ ಬರೆದು ಆಮೇಲೆ ಜಾಸ್ತಿ ಆಗಿದ್ರೆ ಮೋಸ ಮಾಡ್ದಂಗೆ ಅಲ್ವಾ ಅಕ್ಕ?"

ಹೀಗೆ ಮುದ್ದೆ ಅರ್ಧವಾಯಿತು, ಆಮೇಲೆ ನಿಂಬೆಹಣ್ಣಿನಷ್ಟಾಯಿತು. ಭಾದ್ರಪದ ಬರುವಷ್ಟರಲ್ಲಿ ಅವಳು ಮನೆಯ ಅಡುಗೆಯನ್ನೇ ನಂಬುವುದನ್ನು ಬಿಟ್ಟಿದ್ದಳು. ಅಂಗಡಿಯ ಬಿಸ್ಕತ್ತಿನ ಪೊಟ್ಟಣದ ಮೇಲೆ ಬಾರ್‌ಕೋಡ್ ಇರುತ್ತದಲ್ಲ, ಅದರ ಗೆರೆಗಳಿಗೆ ಫೋನ್ ಹಿಡಿದರೆ ಲೆಕ್ಕ ಖಚಿತ. ಒಲೆಯ ಮೇಲೆ ತಾನೇ ಮಾಡಿದ ಅವರೇಬೇಳೆ ಹುಳಿ ಕುದಿಯುತ್ತಿರುವಾಗ ವನಜ ಮೂಲೆಯ ಸ್ಟೂಲಿನ ಮೇಲೆ ಕೂತು ನೀರಿನಲ್ಲಿ ಅದ್ದಿ ಅದ್ದಿ ಬಿಸ್ಕತ್ತು ತಿನ್ನುವುದನ್ನು ನಾನು ಈ ಕಣ್ಣಿನಲ್ಲಿ ನೋಡಿದೆ. ಊರವರೆಲ್ಲ ನಂಬಿದ ಕೈ. ಆ ಕೈ ಮೇಲೆ ಅವಳಿಗೇ ನಂಬಿಕೆ ಇಲ್ಲ.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಇನ್ನೊಂದು. ಒಂದು ದಿನ ಸಾರು ಉಪ್ಪುಪ್ಪು. ಮರುದಿನ ಉಪ್ಪೇ ಇಲ್ಲ. ಅಡುಗೆಮನೆಗೆ ಹೋಗಿ ನಿಂತು ನೋಡಿದೆ. ಸೌಟು ಎತ್ತಿದಳು, ಅಭ್ಯಾಸದ ಮೇಲೆ ಅಂಗೈ ಚಾಚಿದಳು, ತಡೆದುಕೊಂಡಳು. ಸೌಟನ್ನು ಪಾತ್ರೆಗೇ ಬಿಟ್ಟು ಕೈ ಸೆರಗಿಗೆ ಒರೆಸಿಕೊಂಡಳು.

"ಉಪ್ಪು ನೋಡಲ್ವಾ?"

"ಒಂದು ತೊಟ್ಟಿಗೆ ಫೋಟೊ ತೆಗೆಯೋಕಾಗುತ್ತಾ ಅಕ್ಕ? ಬರೀದೆ ತಿಂದಂಗಾಗುತ್ತೆ. ನೀವೇ ನೋಡ್ಬಿಡಿ."

ಪಿತೃಪಕ್ಷದ ಎಡೆಯ ಅಡುಗೆಯನ್ನು ಹಿರಿಯರಿಗೆ ಇಡುವ ಮುಂಚೆ ಯಾರೂ ರುಚಿ ನೋಡುವುದಿಲ್ಲ, ಅದು ನಮ್ಮ ಮನೆಯ ನಿಯಮ. ವರ್ಷಕ್ಕೆ ಒಂದು ದಿನದ ನಿಯಮ. ವನಜ ದಿನದಿನವೂ ಎಡೆಯ ಅಡುಗೆ ಮಾಡತೊಡಗಿದ್ದಳು. ಮನಸ್ಸಿಗೆ ಬಂದ ಆ ಮಾತನ್ನು ಯಾರಿಗೂ ಹೇಳಲಿಲ್ಲ. ರೂಪಳಿಗೆ ಮಾತ್ರ ಫೋನ್ ಮಾಡಿ "ನಿಮ್ಮಮ್ಮ ತೀರಾ ಇಳಿದಿದಾಳೆ ಕಣೇ" ಅಂದೆ. "ದೊಡ್ಡಮ್ಮ, ಆ ಆ್ಯಪ್ ಲೆಕ್ಕ ನನ್ನ ಫೋನಿಗೂ ಬರುತ್ತೆ, ದಿನಾ ಗ್ರೀನೇ ಇದೆ. ಶುಗರ್ರೂ ನಾರ್ಮಲ್ ಬಂದಿದೆ. ಯಾಕೆ ಯೋಚನೆ ಮಾಡ್ತೀರಾ?" ಅಂದಳು. ಅವಳ ಕಡೆಯಿಂದ ನೋಡಿದರೆ ಎಲ್ಲವೂ ಹಸಿರೇ.

ಆ ದಿನಗಳಲ್ಲಿ ಬ್ಯಾಂಕಿನ ಕೆಲಸಕ್ಕೆ ಇಂದಿರಾನಗರಕ್ಕೆ ಹೋದಾಗೆಲ್ಲ ಹಂಡ್ರೆಡ್ ಫೀಟ್ ರೋಡಿನ ಒಳಗಿನ ರಸ್ತೆಗಳಲ್ಲಿ ಹಳೇ ಬಂಗಲೆಗಳು ಆಫೀಸಾಗಿರುವುದನ್ನು ನೋಡುತ್ತಿದ್ದೆ. ಗಾಜಿನ ಹಿಂದೆ ಮಕ್ಕಳಂಥ ಹುಡುಗ ಹುಡುಗಿಯರು, ಕಿವಿಗೆ ಹೆಡ್‌ಫೋನು, ಮುಂದೆ ಕಾಫಿ. ಇಂಥದ್ದೇ ಎಲ್ಲೋ ಒಂದು ಕೋಣೆಯಲ್ಲಿ ಯಾರೋ ಯೋಚಿಸಿರಬೇಕು: ಗಿಳಿ ಬೈಯುವುದು ಬೇಡ, ಬೆನ್ನು ತಿರುಗಿಸಲಿ. ಚೆನ್ನಾಗಿದೆ ಅಂತ ಉಳಿದವರು ತಲೆಯಾಡಿಸಿರಬೇಕು. ಅವರು ಕೆಟ್ಟವರು ಅಂತ ನಾನು ಅನ್ನುವುದಿಲ್ಲ. ನಮ್ಮ ಸಿಸ್ಟರ್ ಕೂಡ ಕೆಟ್ಟವರಾಗಿರಲಿಲ್ಲ.

ಮಹಾಲಯ ಅಮಾವಾಸ್ಯೆಗೆ ಮಳೆ ಹಿಡಿದುಕೊಂಡಿತ್ತು. ಹಿಂದಿನ ದಿನ ಇಬ್ಬರೂ ಕೊಡೆ ಹಿಡಿದು ರಸೆಲ್ ಮಾರ್ಕೆಟ್ಟಿಗೆ ಹೋದೆವು. ಮಾಂಸದ ಅಂಗಡಿಯ ಬಾಬು ಭಾಯ್ ನಮ್ಮ ಯಜಮಾನರ ಕಾಲದಿಂದ ಗುರುತು. ವನಜ ಕೊಬ್ಬೆಲ್ಲ ಬಿಡಿಸಿ ಕೊಡಿ ಅಂದದ್ದಕ್ಕೆ ಕತ್ತಿ ಕೆಳಗಿಟ್ಟ.

"ಏನಮ್ಮಾ ಇದು, ಮುನಿರಾಜಣ್ಣಂಗೆ ಡಯಟ್ಟಾ? ಹೋದೋರಿಗೆ ಯಾವ ಶುಗರ್ರು, ಯಾವ ಬೀಪಿ? ಕೊಬ್ಬು ಇಲ್ದೆ ಕಳಿಸಿದ್ರೆ ಮೇಲಿಂದ ನಂಗೆ ಬೈತಾರೆ!"

ವನಜ ಬಹಳ ದಿನದ ಮೇಲೆ ಬಾಯ್ತುಂಬ ನಕ್ಕಳು. ಮುನಿರಾಜುವಿಗೆ ಕೊಬ್ಬಿನ ತುಂಡೆಂದರೆ ಪ್ರಾಣ. "ಹಾಕಪ್ಪ ಹಾಕು, ಅವರಿಗೆ ಬೇಕಾದ್ದು ಹಾಕು" ಅಂದಳು.

ಮರುದಿನ ಮಧ್ಯಾಹ್ನಕ್ಕೆ ರೂಪ ಮತ್ತು ಅಳಿಯ ಮಂಜು ಬಂದರು. ಕೋಣೆಯಲ್ಲಿ ಫೋಟೊಗಳ ಮುಂದೆ ಬಾಳೆಲೆ ಹಾಸಿ ಬಡಿಸಿದೆವು. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ವಡೆ, ಪಾಯಸ, ಅನ್ನ, ಮೊಟ್ಟೆ, ಪಕ್ಕದಲ್ಲಿ ಮುನಿರಾಜುವಿನ ಒಂದು ಕ್ವಾರ್ಟರ್ ಬ್ರಾಂದಿ. ಎಲೆ ತುಂಬಿ ತುಳುಕುತ್ತಿತ್ತು. ಪೂಜೆ ಮಾಡಿ, ಹಿರಿಯರು ಬಂದು ಉಣ್ಣಲಿ ಅಂತ ಎಲ್ಲರೂ ಆಚೆ ಬಂದು ಬಾಗಿಲು ಎಳೆದುಕೊಂಡೆವು. ಸ್ವಲ್ಪ ಹೊತ್ತು ಯಾರೂ ತೆಗೆಯಬಾರದು, ಮಾತೂ ಆಡಬಾರದು. ಹೊರಗೆ ಮಳೆ.

ಆಗ ಮುಚ್ಚಿದ ಕೋಣೆಯೊಳಗಿಂದ ಆ ಸದ್ದು ಬಂತು. ಎರಡನೆಯದು. ಮಂಕಾದದ್ದು.

ಮಂಜು ತಡೆಯಲಾರದೆ ಪಿಸುಗುಟ್ಟಿದ: "ಮಾವ ಊಟಕ್ಕೆ ಕೂತ್ರು ಅಂತ ಕಾಣುತ್ತೆ." ರೂಪ ಅವನ ತೋಳಿಗೆ ಹೊಡೆದು ತಾನೂ ನಕ್ಕಳು. ವನಜ ನಗಲಿಲ್ಲ. ಅವಳ ಕೈ ಸೊಂಟದಲ್ಲಿ ಫೋನ್ ಹುಡುಕುತ್ತಿತ್ತು.

ಬಾಗಿಲು ತಟ್ಟಿ ಒಳಗೆ ಹೋದಾಗ ಫೋನ್ ಎಲೆಯ ಪಕ್ಕದಲ್ಲೇ ಇತ್ತು. ಬಡಿಸಿದ ಎಲೆ ಕಂಡರೆ ಫೋಟೊ ತೆಗೆಯುವ ಅಭ್ಯಾಸ ಅವಳ ಕೈಗೆ ಅಂಟಿತ್ತು. ಗಂಡನ ಎಡೆಗೂ ತೆಗೆದು, ಅಲ್ಲೇ ಇಟ್ಟು, ನಮಸ್ಕಾರ ಮಾಡಿ ಬಂದಿದ್ದಳು. ಆ್ಯಪ್ ಅದನ್ನು ಸಾವಕಾಶವಾಗಿ ಗುರುತಿಸಿ, ಇಡೀ ಎಲೆಯನ್ನು ವನಜ ತಿಂದಳು ಅಂತ ಬರೆದುಕೊಂಡಿತ್ತು. ರಿಂಗು ಕಡುಗೆಂಪು. ಗಿಳಿ ಬೆನ್ನು ತಿರುಗಿಸಿ ಕೂತಿತ್ತು. ದೀಪ ಬಗ್ಗಿ ಅಲುಗುತ್ತಿತ್ತು.

"ಅಷ್ಟೇನಾ? ಕೊಡು ಇಲ್ಲಿ, ಡಿಲೀಟ್ ಮಾಡ್ತೀನಿ" ಅಂತ ರೂಪ ಕೈ ಚಾಚಿದಳು.

ವನಜ ಫೋನನ್ನು ಎದೆಗೆ ಒತ್ತಿಕೊಂಡಳು. "ಬೇಡ. ನಿಮ್ಮಪ್ಪನ ಊಟ ಅದು. ಇವತ್ತಿನ ದಿನ ಅವರ ಊಟ ಅಳಿಸ್ತಾರಾ ಯಾರಾದ್ರೂ?"

"ಅಮ್ಮ, ಅಪ್ಪನ ಊಟ ಎಲೆ ಮೇಲಿದೆ. ಇದು ಬರೀ ಫೋಟೊ."

"ಅಳಿಸ್ಬೇಡ ಅಂದೆ."

ಅವಳ ದನಿ ಕೇಳಿ ರೂಪ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು. ಸ್ವಲ್ಪ ಹೊತ್ತಿಗೆ ಮರೆಯುತ್ತಾಳೆ ಅಂತ ನಾವೆಲ್ಲ ಅಂದುಕೊಂಡೆವು. ವನಜ ಎಲ್ಲರಿಗೂ ಬಡಿಸಿದಳು, ಒತ್ತಾಯ ಮಾಡಿ ಬಡಿಸಿದಳು. ಎಡೆಯ ಪ್ರಸಾದ ಅವಳ ಮುಂದಿಟ್ಟರೆ "ಆಮೇಲೆ ತಿಂತೀನಿ, ನೀವು ಊಟ ಮಾಡಿ ಅಕ್ಕ" ಅಂದಳು. ಬೆಳಗಿನ ಶುಗರ್ ಮಾತ್ರೆ ನುಂಗಿದ್ದಳು, ಅದು ನನಗೆ ಗೊತ್ತಿತ್ತು. ಆಮೇಲೆ ತಿಂದಳು ಅಂತಲೂ ಅಂದುಕೊಂಡಿದ್ದೆ.

ಸಂಜೆ ರೂಪ ಮತ್ತು ಮಂಜು ಹೊರಟ ಮೇಲೆ ಮನೆ ನಿಶ್ಶಬ್ದವಾಯಿತು. ವನಜ ಎಲ್ಲೂ ಕಾಣಲಿಲ್ಲ. ತಾರಸಿಯಿಂದ ಹೆಜ್ಜೆ ಸಪ್ಪಳ ಬರುತ್ತಿತ್ತು, ಈ ಕೊನೆಯಿಂದ ಆ ಕೊನೆಗೆ, ಆ ಕೊನೆಯಿಂದ ಈ ಕೊನೆಗೆ. ನಡೆದರೆ ಕೆಂಪು ಕರಗುತ್ತದೆ, ಅದೂ ಆ ಆ್ಯಪಿನ ಒಂದು ಸೌಕರ್ಯ. ಗಂಡನ ಊಟವನ್ನು ಅಳಿಸುವ ಹಾಗಿಲ್ಲ, ದೀಪ ಆರಲು ಬಿಡುವ ಹಾಗಿಲ್ಲ. ಉಳಿದದ್ದು ಒಂದೇ ದಾರಿ. ಸತ್ತವನು ಉಂಡದ್ದನ್ನು ಅವಳು ನಡೆದು ಕರಗಿಸುತ್ತಿದ್ದಳು.

ಮೆಟ್ಟಿಲು ಹತ್ತುವುದು ನನಗೆ ನಿಧಾನ. ಅರ್ಧ ಹತ್ತಿದ್ದೆ, ಹೆಜ್ಜೆ ಸಪ್ಪಳ ನಿಂತಿತು.

ನೀರಿನ ಟ್ಯಾಂಕಿಗೆ ಒರಗಿ ಕೂತಿದ್ದಳು. ತುಂತುರು ಮಳೆಯಲ್ಲೂ ಹಣೆಯ ಮೇಲೆ ಬೆವರು ಕಾಣುತ್ತಿತ್ತು. ನನ್ನ ಗುರುತು ಸಿಗದೆ ನಮ್ಮ ಅತ್ತೆಯ ಹೆಸರು ಹಿಡಿದು ಮಾತಾಡಿಸಿದಳು. ನಾನು ಕಿರುಚಿದ್ದು ಕೇಳಿ ಎದುರುಮನೆಯ ಸೆಲ್ವಿ ಸಕ್ಕರೆ ಡಬ್ಬಿ ಹಿಡಿದು ಓಡಿ ಬಂದಳು. ಒಂದು ಚಿಟಿಕೆ ತುಟಿಗೆ ಹಚ್ಚಿದರೆ ವನಜ ಹಲ್ಲು ಕಚ್ಚಿ ಮುಖ ತಿರುಗಿಸಿದಳು. "ಬರೀಬೇಕು... ಮೊದ್ಲು ಬರೀಬೇಕು" ಅನ್ನುತ್ತಿದ್ದಳು. ಸೆಲ್ವಿ ಅವಳ ದವಡೆ ಹಿಡಿದು, "ವಾಯ್ ತೊರ ಅಕ್ಕಾ, ಬಾಯಿ ತೆಗಿ!" ಅಂತ ಅಳುತ್ತಾ ಒಸಡಿಗೆ ಸಕ್ಕರೆ ಉಜ್ಜಿದಳು. ವನಜಳ ಮಡಿಲಲ್ಲಿ ಫೋನ್ ಹೊಳೆಯುತ್ತಿತ್ತು. ರಿಂಗು ಹಸಿರಿಗೆ ತಿರುಗಿತ್ತು. ಗಿಳಿ ಕುಣಿಯುತ್ತಿತ್ತು.

ನರ್ಸಿಂಗ್ ಹೋಮಿನಲ್ಲಿ ಡ್ರಿಪ್ ಹಾಕಿದರು. ಎಚ್ಚರವಾದ ಮೇಲೆ ಬಹಳ ಹೊತ್ತು ಮೇಲೆ ತೂಗುತ್ತಿದ್ದ ಬಾಟಲಿಯನ್ನೇ ನೋಡಿ, ನನ್ನ ಕೈ ಒತ್ತಿ ಕೇಳಿದಳು: "ಅಕ್ಕ, ಅದ್ರಲ್ಲಿ ಎಷ್ಟಿರುತ್ತೆ?"

ರೂಪ ಅಲ್ಲೇ, ಅಮ್ಮನ ಎದುರಿಗೇ, ಅಳುತ್ತಾ ಆ್ಯಪ್ ತೆಗೆದುಹಾಕಿದಳು. ಗಿಳಿ ಹೋಯಿತು, ದೀಪ ಹೋಯಿತು. ಅಲ್ಲಿಂದಲೇ ಅಮ್ಮನನ್ನು ಕೆ.ಆರ್.ಪುರದ ಫ್ಲ್ಯಾಟಿಗೆ ಕರೆದುಕೊಂಡು ಹೋದಳು. ಪೀಡೆ ತೊಲಗಿತು ಅಂತ ನಾವು ಉಸಿರು ಬಿಟ್ಟೆವು.

ದೀಪಾವಳಿಗೆ ಮುಂಚೆ ಒಂದು ಮಧ್ಯಾಹ್ನ ಮೆಟ್ರೊ ಹತ್ತಿ ನೋಡಲು ಹೋದೆ. ಅದೇ ಕೊನೆ. ಅದಾದ ಕೆಲವೇ ದಿನಕ್ಕೆ ನಿದ್ದೆಯಲ್ಲೇ ಹೋದಳು. ಹಾರ್ಟ್ ಅಂದರು ಡಾಕ್ಟರು. ಆ ಮಧ್ಯಾಹ್ನ ನಾನೇ ಮಾಡಿದ ಬಸ್ಸಾರನ್ನು ಡಬ್ಬಿಯಲ್ಲಿ ತಂದಿದ್ದೆ. ಬಾಲ್ಕನಿಯಲ್ಲಿ ಕೂತಿದ್ದಳು, ಭುಜದ ಮೂಳೆ ರವಿಕೆಯಿಂದ ಎದ್ದು ಕಾಣುತ್ತಿತ್ತು.

"ನಿನ್ನಷ್ಟು ಚೆನ್ನಾಗಿಲ್ಲ ಕಣೇ. ಉಪ್ಪು ನೋಡಿ ಹೇಳು" ಅಂತ ಅನ್ನ ಕಲಸಿ ಒಂದು ತುತ್ತು ಅವಳ ಅಂಗೈಗೆ ಇಟ್ಟೆ. ಅಂಗೈಯನ್ನು ಮೇಲಕ್ಕೂ ಕೆಳಕ್ಕೂ ಒಂದಿಷ್ಟೇ ಆಡಿಸಿದಳು, ತಕ್ಕಡಿಯ ಹಾಗೆ.

"ಮೊದ್ಲು ಕೆಂಪಾದ್ರೆ ಸಾಕು ಅಂತ ಗೊತ್ತಾಗ್ತಿತ್ತು ಅಕ್ಕ. ಈಗ ಯಾರು ಹೇಳ್ತಾರೆ?"

"ನಿನ್ನ ಹೊಟ್ಟೆ ಹೇಳುತ್ತೆ. ಇಷ್ಟು ವರ್ಷ ಅದೇ ತಾನೆ ಹೇಳಿದ್ದು?"

"ಅದು ಸುಳ್ಳು ಹೇಳುತ್ತೆ" ಅಂದಳು. ಬೇಸರವಿಲ್ಲದೆ, ದೂರಿಲ್ಲದೆ, ಗೊತ್ತಿರುವ ಸಂಗತಿ ಹೇಳುವ ಹಾಗೆ. ತುತ್ತನ್ನು ತಟ್ಟೆಯ ಅಂಚಿಗೆ ಮೆಲ್ಲಗೆ ಇಳಿಸಿದಳು.

ರೂಪ ಲೋಟದ ತುಂಬ ಹಾಲು ತಂದಿಟ್ಟು, "ಇದಾದ್ರೂ ಕುಡಿಯಮ್ಮ" ಅಂದು ಒಳಗೆ ಹೋದಳು. ನನಗೆ ಹೊತ್ತಾಗಿತ್ತು. ಅವಳ ತಲೆ ಸವರಿ ಎದ್ದೆ. ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿರುವಾಗ ಹಿಂದಿನಿಂದ ಆ ಮಂಕು ಸದ್ದು ಬಂತು. ತಿರುಗಿ ನೋಡಿದೆ. ವನಜ ಚಮಚದಿಂದ ಹಾಲಿನ ಲೋಟದ ಅಂಚಿಗೆ ತಟ್ಟಿ, ತಲೆ ವಾಲಿಸಿ ಕೇಳುತ್ತಿದ್ದಳು. ಎದ್ದು ಲೋಟವನ್ನು ಬಾಲ್ಕನಿಯ ತುಳಸಿ ಕುಂಡಕ್ಕೆ ಬಗ್ಗಿಸಿದಳು. ಕೂತು ಮತ್ತೊಮ್ಮೆ ತಟ್ಟಿದಳು.

ಟಿಣ್.

ಕಣ್ಣು ಮುಚ್ಚಿಕೊಂಡಳು, ಹಿಂದೆ ಉಪ್ಪು ನೋಡುವಾಗ ಮುಚ್ಚಿಕೊಳ್ಳುತ್ತಿದ್ದ ಹಾಗೆ. ಮುಖದ ಮೇಲೆ ನಗು ಬಂತು.